ಮೂರನೇ ಸಲ ಕೇಳುವವರು

ಈ ದೇಶದಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಬಂದ ಮೊದಲ ವಾರದಲ್ಲೇ ನನಗಿದು ಗೊತ್ತಾಯಿತು. ಇದೊಂದು ವಿಷಯ ನನ್ನನ್ನು ಇಷ್ಟು ವರ್ಷ ಕಾಡುತ್ತದೆ ಎಂದು ಮಾತ್ರ ಆಗ ಅಂದುಕೊಂಡಿರಲಿಲ್ಲ.

ಆಗ ನಾವು ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದೆವು. ನಾನು ಮದುವೆಯಾಗಿ ಮೈಸೂರಿನಿಂದ ಆಗತಾನೇ ಬಂದಿದ್ದೆ, ಸೂಟ್‌ಕೇಸಿನ ಸೀರೆಗಳು ಇನ್ನೂ ಕಪಾಟು ಸೇರಿರಲಿಲ್ಲ. ಗಂಡನ ಆಫೀಸಿನವರೊಬ್ಬರು ನಮ್ಮನ್ನು ಮನೆಗೆ ಕರೆದರು. ಹೋಗಿ ಕೂತ ಕೂಡಲೇ ಆ ಮನೆಯಾಕೆ, ಕಾಫಿ ಬೇಕೇ ಎಂದು ಕೇಳಿದಳು. ಮೈಸೂರಿನಲ್ಲಿ ಬೆಳೆದ ಹೆಣ್ಣುಮಗಳು ಏನು ಹೇಳಬೇಕೋ ನಾನು ಅದನ್ನೇ ಹೇಳಿದೆ. ಅಯ್ಯೋ ಬೇಡ, ಯಾಕೆ ತೊಂದರೆ ಎಂದೆ. ಆಕೆ "ಓಕೆ" ಎಂದು ಒಳಗೆ ಹೋಗಿ, ತನಗೊಂದು, ನನ್ನ ಗಂಡನಿಗೊಂದು ಕಪ್ಪು ತಂದಿಟ್ಟಳು. ಗಂಡ ಎನ್ನುವ ಮಹಾನುಭಾವರು ಅಷ್ಟು ಹೊತ್ತಿಗೆ ಇಲ್ಲಿಯ ರೀತಿ ಕಲಿತು ಮೊದಲ ಸಲಕ್ಕೇ ಹೂಂ ಎಂದಿದ್ದರು. ಅವರಿಬ್ಬರ ಕಾಫಿಯ ವಾಸನೆ ಕುಡಿದುಕೊಂಡು ನಾನು ಸಂಜೆಯವರೆಗೆ ಕೂತೆ. ಮನೆಗೆ ಬರುವಾಗ ತಲೆ ಸಿಡಿಯುತ್ತಿತ್ತು.

"ಬೇಕಾದ್ರೆ ಬೇಕು ಅನ್ಬೇಕು ಕಣೇ ಇಲ್ಲಿ. ಬೇಡ ಅಂದ್ರೆ ಬೇಡ ಅಂತಲೇ ಅರ್ಥ," ಎಂದು ಕಾರಿನಲ್ಲಿ ಅವರು ನಕ್ಕಿದ್ದೇ ನಕ್ಕಿದ್ದು.

ನಮ್ಮ ಕಡೆ ಇದಕ್ಕೊಂದು ಕ್ರಮವಿದೆ. ಮೊದಲನೇ "ಬೇಡ" ಮರ್ಯಾದೆಗೆ. ಎರಡನೇ "ಬೇಡ" ಎದುರಿನವರು ಬಾಯುಪಚಾರಕ್ಕೆ ಕೇಳುತ್ತಿದ್ದಾರೋ ಮನಸ್ಸಿನಿಂದ ಕೇಳುತ್ತಿದ್ದಾರೋ ನೋಡುವುದಕ್ಕೆ. ಮೂರನೇ ಸಲ ಕೇಳಿದಾಗ ನಿಜ ಹೇಳಬೇಕು. ಬೇಕಿದ್ದರೆ ಬೇಕು, ಬೇಡದಿದ್ದರೆ ಬೇಡ. ಇದನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎನ್ನುವವರ ಬೆರಳ ಸಂದಿಯಲ್ಲೇ ಪಾಯಸ ಬಿಡುತ್ತಿದ್ದ ಸೋದರತ್ತೆಯರನ್ನು ನೋಡಿ ಕಲಿತದ್ದು. ನನ್ನ ಮಗಳು ಇದನ್ನೆಲ್ಲ ನಾಟಕ ಎನ್ನುತ್ತಾಳೆ. ನಾಟಕವೇ ಇರಬಹುದು. ಆದರೆ ಆ ನಾಟಕದಲ್ಲಿ ನನಗೂ ಮೂರು ಮಾತುಗಳಿದ್ದವು. ಇಲ್ಲಿ ಒಂದಕ್ಕೇ ಪರದೆ ಬೀಳುತ್ತಿತ್ತು.

ಮಗಳಿಗೆ ಐದು ತುಂಬುವಾಗ ಗಂಡನ ಕೆಲಸ ಶಿಕಾಗೋ ಕಡೆಗೆ ವರ್ಗವಾಯಿತು. ಪ್ಲೇನ್‌ಫೀಲ್ಡ್‌ನಿಂದ ಕೆಲವು ಮೈಲಿ ಆಚೆ, ಜೋಳದ ಹೊಲಗಳ ಮಧ್ಯೆ ಹೊಸದಾಗಿ ಎದ್ದಿದ್ದ ಒಂದು ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಮನೆ ಕೊಂಡೆವು. ನಮ್ಮವರೆಲ್ಲ ಆ ಊರನ್ನು ಐರಿಶ್ ಊರು ಎನ್ನುತ್ತಿದ್ದರು. ಸುಳ್ಳೇನಲ್ಲ. ಶಿಕಾಗೋದಿಂದ ನೈರುತ್ಯಕ್ಕೆ ಒಂದು ಹಳೆಯ ಕಾಲುವೆ ಹೋಗುತ್ತದೆ. ಅಜ್ಜನ ಅಜ್ಜನ ಕಾಲದಲ್ಲಿ ಅದನ್ನು ಅಗೆಯಲು ಹಡಗು ಹತ್ತಿ ಬಂದ ಐರಿಶ್ ಕೂಲಿಗಳು, ಅಗೆತ ಮುಗಿದ ಮೇಲೆ ಊರಿಗೆ ಮರಳುವ ದಾರಿ ಕಾಣದೆ ಇಲ್ಲೇ ಹೊಲ ಮಾಡಿಕೊಂಡು ನಿಂತರು. ಕಾಲುವೆಯ ದಂಡೆಯಲ್ಲಿ ಸಿಕ್ಕ ಹಳದಿ ಸುಣ್ಣಕಲ್ಲಿನಿಂದಲೇ ಒಂದು ಚರ್ಚು ಕಟ್ಟಿದರು. ಅದರ ಹಿಂದೆ ಸ್ಮಶಾನ, ಪಕ್ಕದಲ್ಲಿ ಒಂದು ಹಾಲ್. ಬಹಳ ಕಾಲ ಊರೆಂದರೆ ಅಷ್ಟೇ ಇತ್ತಂತೆ.

ನಾವು ಬರುವ ಹೊತ್ತಿಗೆ ಹೊಲಗಳು ಒಂದೊಂದಾಗಿ ಮಾರಿಹೋಗುತ್ತಿದ್ದವು. ಒಂದು ವರ್ಷ ಜೋಳ ನಿಂತಿದ್ದ ಕಡೆ ಮರುವರ್ಷ ಒಂದೇ ಅಚ್ಚಿನ ಮನೆಗಳ ಸಾಲು ನಿಲ್ಲುತ್ತಿತ್ತು. ಬಿಲ್ಡರುಗಳು ಬೀದಿಗಳಿಗೆಲ್ಲ ಐರ್ಲೆಂಡಿನ ಜಿಲ್ಲೆಗಳ, ನದಿಗಳ ಹೆಸರಿಟ್ಟರು. ಆ ಬೀದಿಗಳಲ್ಲಿ ಬಂದು ತುಂಬಿದವರು ಮಂಡ್ಯದವರು, ಹುಬ್ಬಳ್ಳಿಯವರು, ಗುಂಟೂರಿನವರು. ನನಗೆ ಆ ಊರಿನಲ್ಲಿ ಮೊದಲು ಹಿಡಿಸಿದ್ದು ಸ್ಮಶಾನ. ನಗಬೇಡಿ. ಅಲ್ಲಿಯ ಹಳೆಯ ಕಲ್ಲುಗಳ ಮೇಲೆ ಸತ್ತವರ ಹೆಸರಿನ ಕೆಳಗೆ ಅವರು ಐರ್ಲೆಂಡಿನ ಯಾವ ಜಿಲ್ಲೆಯವರು ಎಂದೂ ಕೆತ್ತಿದ್ದಾರೆ. ಸತ್ತ ಮೇಲೂ ಜಿಲ್ಲೆ ಬಿಡದ ಜನ. ನಮ್ಮ ಕನ್ನಡದವರು ಇಬ್ಬರು ಅಂಗಡಿಯಲ್ಲಿ ಎದುರಾದರೂ ಎರಡನೇ ಮಾತಿಗೆ "ಮೈಸೂರಲ್ಲಿ ಎಲ್ಲಿ?" ಎಂದು ಶುರುವಾಗಿ ನಲ್ಲಿಯ ಹತ್ತಿರದ ಮನೆಯವರೆಗೆ ಹೋಗುತ್ತದೆ. ಇವರು ನಮ್ಮ ಪೈಕಿಯೇ ಎಂದುಕೊಂಡೆ.

ಮನೆಗೆ ಸಾಮಾನು ಇಳಿಸಿದ ದಿನ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅರವತ್ತರ ಹತ್ತಿರದ, ಕಡ್ಡಿಯಂಥ ಹೆಂಗಸು. ಕೈಯಲ್ಲಿ ಟವೆಲ್ಲು ಸುತ್ತಿದ ಬಿಸಿ ಬ್ರೆಡ್ಡು. ಅವರಾಡಿದ್ದು ಇಂಗ್ಲಿಷ್, ನಾನಾಡಿದ್ದೂ ಇಂಗ್ಲಿಷ್. ಆದರೆ ನನ್ನ ತಲೆಯಲ್ಲಿ ಆ ಮಾತೆಲ್ಲ ಮೈಸೂರು ಕನ್ನಡದಲ್ಲೇ ಉಳಿದುಕೊಂಡಿದೆ, ಹಾಗೇ ಬರೆಯುತ್ತೇನೆ.

"ಒಳಗೆ ಬನ್ನಿ, ಟೀ ಮಾಡ್ತೀನಿ," ಎಂದೆ.

"ಅಯ್ಯೋ, ಬೇಡ ಬೇಡ. ನಿನಗೆ ಸಾಮಾನು ಬಿಚ್ಚೋದೇ ಬೇಕಾದಷ್ಟಿದೆ."

"ಒಂದು ನಿಮಿಷದ ಕೆಲಸ."

"ಇಲ್ಲಮ್ಮ, ನಿಲ್ಲಲ್ಲ ನಾನು. ಸುಮ್ನೆ ತೊಂದರೆ."

ಅವರ ಕಾಲು ಮಾತ್ರ ಹೊಸ್ತಿಲ ಹತ್ತಿರವೇ ಇತ್ತು. ಎಷ್ಟೋ ವರ್ಷದ ಮೇಲೆ ಯಾರೋ ನನ್ನ ಭಾಷೆ ಆಡುತ್ತಿದ್ದಾರೆ ಅನಿಸಿತು. "ನಾನೂ ಇನ್ನೂ ಕುಡಿದಿಲ್ಲ, ಒಬ್ಬಳೇ ಹೇಗೆ ಕುಡೀಲಿ?" ಎಂದು ಮೂರನೇ ಸಲ ಕೇಳಿದೆ.

"ಹಾಗಾದ್ರೆ ಅರ್ಧ ಕಪ್ಪು," ಎಂದು ಒಳಗೆ ಬಂದವರು ಎರಡು ಕಪ್ಪು ಕುಡಿದರು. ಹೊರಡುವಾಗ ನನ್ನನ್ನೇ ನೋಡಿ, "ಹೀಗೆ ಕೇಳೋದನ್ನ ಎಲ್ಲಿ ಕಲಿತೆ ನೀನು?" ಎಂದರು. ನಮ್ಮೂರಿನಲ್ಲಿ ಎಲ್ಲರೂ ಹೀಗೇ ಎಂದೆ. "ನಮ್ಮೂರಲ್ಲೂ," ಎಂದರು. ನಮ್ಮೂರು ಎಂದು ಅವರು ಹೇಳಿದ್ದು ಈ ಊರನ್ನಲ್ಲ.

ಅವರು ಹತ್ತೊಂಬತ್ತನೇ ವಯಸ್ಸಿಗೆ ಐರ್ಲೆಂಡಿನ ಪಶ್ಚಿಮದ ಯಾವುದೋ ಕುಗ್ರಾಮದಿಂದ ಶಿಕಾಗೋಗೆ ಬಂದು, ಟೆಲಿಫೋನ್ ಆಪರೇಟರ್ ಆಗಿದ್ದವರು. ಮದುವೆಯಾದದ್ದು ಈ ಊರಿನ ಹುಡುಗನನ್ನು, ಕಾಲುವೆ ಅಗೆದವರ ಮರಿಮೊಮ್ಮಗನನ್ನು. ಐರಿಶ್ ಊರಿಗೇ ಸೊಸೆಯಾಗಿ ಬಂದೆನಲ್ಲ, ಇನ್ನೇನು ಕಡಿಮೆ ಎಂದು ಕುಣಿದುಕೊಂಡು ಬಂದರಂತೆ. ಬಂದು ನೋಡಿದರೆ ಇಲ್ಲಿಯವರು ಐರ್ಲೆಂಡನ್ನು ಕಂಡವರೇ ಅಲ್ಲ. ಮಾರ್ಚಿನಲ್ಲಿ ಐರಿಶ್ ಹಬ್ಬವೆಂದು ಒಂದು ದಿನ ಹಸಿರು ಟೋಪಿ, ಹಸಿರು ಬಿಯರು, ಹಸಿರು ಬಣ್ಣ ಬಳಿದ ನಾಯಿ. ಉಳಿದ ದಿನ ಎಲ್ಲರಂತೆ ಅಮೆರಿಕದವರು. "ಬಾವುಟ ಉಳಿಸಿಕೊಂಡ್ರು, ಟೀ ಮರೆತ್ರು," ಎನ್ನುತ್ತಿದ್ದರು. ಮೊದಲ ದಿನ ಅತ್ತೆ ಊಟ ಬಡಿಸುವಾಗ ಇವರು ಬೇಡ ಎಂದರಂತೆ, ಅತ್ತೆ ಬಟ್ಟಲು ಮುಚ್ಚಿಟ್ಟರಂತೆ. ನನ್ನ ಫಾರ್ಮಿಂಗ್ಟನ್ ಹಿಲ್ಸಿನ ಕಾಫಿಯ ಕಥೆ ಹೇಳಿದಾಗ ಅವರು ಕಣ್ಣೀರು ಬರುವಷ್ಟು ನಕ್ಕರು. ನಗುತ್ತಲೇ, "ಮೂರನೇ ಸಲ ಕೇಳಿದಾಗ ಸುಳ್ಳು ಹೇಳಬಾರದು ಅಂತ ನಮ್ಮಮ್ಮ ಹೇಳ್ತಿದ್ರು," ಎಂದರು. ನಮ್ಮಮ್ಮನೂ ಇದನ್ನೇ ಹೇಳಿರಬೇಕು ಎಂದು ನನಗೆ ಅನಿಸಿತು.

ನಮ್ಮ ಮಗಳು ಅವರನ್ನು ಐರಿಶಜ್ಜಿ ಎಂದು ಕರೆಯಲು ಶುರುಮಾಡಿದಳು. ಮನೆಯಲ್ಲಿ ನಮಗೂ ಅದೇ ಹೆಸರಾಯಿತು.

ಊರಿನ ಹಾಲ್ ನನಗೆ ಪರಿಚಯವಾದದ್ದು ಅವರಿಂದ. ಈಸ್ಟರಿಗೆ ಮುಂಚಿನ, ಮಾಂಸ ತಿನ್ನದ ಶುಕ್ರವಾರಗಳಲ್ಲಿ ಅಲ್ಲಿ ಮೀನು ಕರಿಯುತ್ತಾರೆ, ಊರಿಗೆ ಊರೇ ಬಂದು ಉದ್ದ ಮೇಜುಗಳಲ್ಲಿ ಕೂತು ತಿನ್ನುತ್ತದೆ. ಅಜ್ಜಿ ಅಡುಗೆಮನೆಯಲ್ಲಿ ಆಲೂಗಡ್ಡೆಯ ಉಸ್ತುವಾರಿ. ಮೀನಿನ ಎಣ್ಣೆ ಸೋಕದ ಬೇರೆ ಬಾಣಲೆಯಲ್ಲಿ ಎಲೆಕೋಸು, ಆಲೂಗಡ್ಡೆ, ಬೆಣ್ಣೆ ಹಾಕಿ ಕಲಸಿ ನನಗಾಗಿ ಎತ್ತಿಟ್ಟಿರುತ್ತಿದ್ದರು. ಒಗ್ಗರಣೆ ಒಂದಿದ್ದರೆ ಅಪ್ಪಟ ಪಲ್ಯ. ನಾನು ಚೀಲದಲ್ಲಿ ಸಣ್ಣ ಡಬ್ಬಿಯಲ್ಲಿ ಒಗ್ಗರಣೆ ಒಯ್ಯುವುದನ್ನು ಕಲಿತೆ. ಆಮೇಲೆ ಅಡುಗೆಮನೆಯ ಹೆಂಗಸರೂ ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ನಮ್ಮವರು ಹೆಚ್ಚಾದ ಮೇಲೆ ಗಣೇಶನ ಹಬ್ಬಕ್ಕೆ ಅದೇ ಹಾಲ್ ಅನ್ನು ಬಾಡಿಗೆಗೆ ಹಿಡಿಯತೊಡಗಿದೆವು. ಒಂದು ವರ್ಷ ಅಜ್ಜಿಯನ್ನೂ ಕರೆದೆ. ಮೂರು ಸಲ ಕರೆದೆ ಎಂದು ಬೇರೆ ಹೇಳಬೇಕಾಗಿಲ್ಲ. ನಾನು ಒಳಗೆ ಅನ್ನ ಬಗ್ಗಿಸುತ್ತಿದ್ದೆ. ಹೊರಗೆ ಬಂದು ನೋಡಿದರೆ ಎಲ್ಲರ ತಟ್ಟೆಯಲ್ಲೂ ಹೋಳಿಗೆ, ಅಜ್ಜಿಯ ತಟ್ಟೆಯಲ್ಲಿ ಒಂದು ಚಮಚ ಕೋಸಂಬರಿ. ಕೈ ಮಡಚಿ ಕೂತಿದ್ದಾರೆ. ಬಡಿಸುತ್ತಿದ್ದ ನಮ್ಮ ಕನ್ನಡದವರ ಹುಡುಗಿಯೊಬ್ಬಳನ್ನು ಕರೆದು, ಅವರಿಗೆ ಯಾಕೆ ಬಡಿಸಲಿಲ್ಲ ಎಂದೆ.

"ಕೇಳಿದೆ ಆಂಟಿ. ಶಿ ಸೆಡ್ ನೋ," ಎಂದಳು.

"ಎಷ್ಟು ಸಲ ಕೇಳಿದೆ?"

ಹುಡುಗಿ ನನ್ನನ್ನು ಅರ್ಥವಾಗದ ಕಣ್ಣಿನಿಂದ ನೋಡಿದಳು. ಅವಳ ತಪ್ಪೇನೂ ಇಲ್ಲ. ವೇದಿಕೆಯ ಮೇಲೆ ಹಳದಿ ಕೆಂಪು ಬಾವುಟ ಕಟ್ಟಿದ್ದೆವು, ಭಾಷಣದಲ್ಲಿ ಸಂಸ್ಕೃತಿಯ ಮಾತು ಉಕ್ಕಿ ಹರಿಯುತ್ತಿತ್ತು. ನಾವೂ ಟೀ ಮರೆಯುವ ಹಾದಿಯಲ್ಲೇ ಇದ್ದೆವು. ಹೋಳಿಗೆ, ತುಪ್ಪದ ಮಿಳ್ಳೆ ತೆಗೆದುಕೊಂಡು ನಾನೇ ಅಜ್ಜಿಯ ಹತ್ತಿರ ಹೋದೆ. ಅವರು ತಟ್ಟೆಗೆ ಕೈ ಅಡ್ಡ ಹಿಡಿದರು. ನಾನು ಬೆರಳ ಸಂದಿಯಲ್ಲಿ ತುಪ್ಪ ಬಿಟ್ಟೆ.

ಮಗಳು ಬೆಳೆದಳು, ಓದಿದಳು, ಕೆಲಸಕ್ಕೆ ಸೇರಿದಳು, ಮದುವೆಯಾಗಿ ಲೊಂಬಾರ್ಡ್‌ನಲ್ಲಿ ಮನೆ ಮಾಡಿದಳು. ಕಾರಿನಲ್ಲಿ ಒಂದು ಗಂಟೆಯೂ ಬೇಡ. ಆಮೇಲೆ ಒಂದು ನವೆಂಬರಿನಲ್ಲಿ ನನ್ನ ಗಂಡ ತೀರಿಕೊಂಡರು. ಬೆಳಿಗ್ಗೆ ಎಲೆ ಗುಡಿಸುತ್ತಿದ್ದವರು ಮಧ್ಯಾಹ್ನಕ್ಕೆ ಇರಲಿಲ್ಲ. ಜನ ಬಂದರು, ಅಲ್ಯೂಮಿನಿಯಂ ಟ್ರೇಗಳಲ್ಲಿ ಊಟ ಬಂತು. ಏನಾದರೂ ಬೇಕಿದ್ದರೆ ಹೇಳಿ ಎಂದು ಎಲ್ಲರೂ ಹೇಳಿದರು. ನಾನು ಏನೂ ಬೇಡ ಎಂದೆ. ಎಲ್ಲರೂ ಹೋದರು. ಅಜ್ಜಿ ಮಾತ್ರ ಅಡುಗೆಮನೆಯ ಕುರ್ಚಿಯಲ್ಲಿ ಕೂತೇ ಇದ್ದು, "ಊಟ ಮಾಡಿದ್ಯಾ?" ಎಂದರು. ಹೂಂ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು. ಮೂರನೇ ಸಲ ಕೇಳಿದಾಗ ಇಲ್ಲ ಎಂದು ಅತ್ತುಬಿಟ್ಟೆ. ಅವರು ಫ್ರಿಜ್ಜಿನಿಂದ ಯಾರದೋ ಮೊಸರನ್ನ ತೆಗೆದು, ಚಮಚ ಕೈಗೆ ಕೊಟ್ಟು, ಮುಗಿಯುವವರೆಗೆ ಎದುರಿಗೆ ಕೂತರು.

ಹದಿಮೂರನೇ ದಿನ ಕಳೆದ ಮೇಲೆ ಮಗಳು ನನ್ನ ಕೈ ಹಿಡಿದುಕೊಂಡು ಕೇಳಿದಳು. "ಅಮ್ಮ, ಯು ಕ್ಯಾನ್ ಮೂವ್ ಇನ್ ವಿತ್ ಅಸ್. ಡು ಯು ವಾಂಟ್ ಟು?"

"ಬೇಡಮ್ಮ, ನಿಮಗ್ಯಾಕೆ ತೊಂದರೆ. ನಾನಿಲ್ಲಿ ಚೆನ್ನಾಗೇ ಇದೀನಲ್ಲ," ಎಂದೆ.

"ಓಕೆ. ದಿ ಆಫರ್ ಈಸ್ ಆಲ್ವೇಸ್ ದೇರ್," ಎಂದು ನನ್ನನ್ನು ಅಪ್ಪಿಕೊಂಡಳು. ಅವಳ ಅಪ್ಪುಗೆಯಲ್ಲಿ ಕೊರತೆ ಇರಲಿಲ್ಲ. ನನ್ನ ಮಾತನ್ನು ಅವಳು ಗೌರವಿಸಿದಳು. ಇಲ್ಲಿ ಹುಟ್ಟಿದ ಮಕ್ಕಳಿಗೆ ಶಾಲೆಯಲ್ಲಿ ಅದನ್ನೇ ಕಲಿಸುತ್ತಾರೆ, ಬೇಡ ಎಂದವರನ್ನು ಮತ್ತೆ ಪೀಡಿಸಬಾರದು ಎಂದು. ಆ ಆಫರ್ ಅಂಗಡಿಯ ಕೂಪನ್ನಿನ ಹಾಗೆ ಎಲ್ಲೋ ಇದೆ, ಅದರ ಅವಧಿ ಮುಗಿದಿದೆಯೋ ಇಲ್ಲವೋ ನನಗೆ ತಿಳಿಯದು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರೆ. ನನ್ನದು ದಾಕ್ಷಿಣ್ಯಕ್ಕೆ ಒಂಟಿಯಾದ ಕಥೆ.

ಅಂದಿನಿಂದ ದಿನಾ ನಾಲ್ಕು ಗಂಟೆಗೆ ಟೀ. ಒಂದು ದಿನ ನಮ್ಮ ಮನೆ, ಒಂದು ದಿನ ಅವರ ಮನೆ. ಅವರ ಗಂಡ ನಾವು ಬರುವ ಮೊದಲೇ ತೀರಿಕೊಂಡಿದ್ದರು. ಒಬ್ಬನೇ ಮಗ, ಮಿಶಿಗನ್ನಿನಲ್ಲಿ ಕಾರು ಕಂಪನಿಯ ಎಂಜಿನಿಯರ್. ವಿಚಿತ್ರ ನೋಡಿ, ಅವನಿರುವುದು ನಾನು ಮೊದಲ ಕಾಫಿ ಕಳೆದುಕೊಂಡ ಅದೇ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಐದು ಗಂಟೆಯ ದಾರಿ. ಟೀಗೆ ಕೂತರೆ ನಾವು ಹೆಚ್ಚು ಮಾತಾಡುತ್ತಿದ್ದೆವು ಎಂದೇನಲ್ಲ. ಹೊರಗೆ ಹೊಸ ಸಬ್‌ಡಿವಿಷನ್ನಿನ ಲಾರಿಗಳು ಓಡಾಡುವುದನ್ನು ನೋಡುತ್ತಿದ್ದೆವು. ಮಕ್ಕಳ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಇನ್ನೊಂದು ಬಿಸ್ಕತ್ತು? ಬೇಡ. ತಗೊಳ್ಳಿ. ಬೇಡಪ್ಪ. ಒಂದೇ ಒಂದು. ಸರಿ ಹಾಗಾದ್ರೆ. ದಿನದಲ್ಲಿ ಇಷ್ಟು ಸಿಕ್ಕರೆ ನನಗೆ ಸಾಕಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಅಜ್ಜಿ ಕಸದ ಡಬ್ಬಿಯನ್ನು ರಸ್ತೆಯ ಅಂಚಿಗೆ ತಳ್ಳಿಕೊಂಡು ಹೋಗುವಾಗ ಐಸಿನ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ನಾನು ತಳ್ಳಲಾ ಎಂದು ಹಿಂದಿನ ದಿನ ಕೇಳಿದ್ದೆ, ಬೇಡ ಎಂದಿದ್ದರು. ಮೂರು ಸಲ ಬೇಡ ಎಂದಿದ್ದರು, ಹಾಗಾಗಿ ಅದು ನಿಜದ ಬೇಡವೇ. ಆಪರೇಷನ್ ಆಯಿತು, ಅಲ್ಲಿಂದ ನಡಿಗೆ ಕಲಿಸುವ ರಿಹ್ಯಾಬ್ ಕೇಂದ್ರಕ್ಕೆ ಕಳಿಸಿದರು. ಮಗ ಮಿಶಿಗನ್ನಿನಿಂದ ಬಂದ. ಐವತ್ತು ದಾಟಿದ, ದೊಡ್ಡ ಮೈಯ, ಮೆತ್ತಗೆ ಮಾತಾಡುವ ಮನುಷ್ಯ. ತಾಯಿಯ ಮನೆಯ ಬೀಗದ ಕೈ ನನ್ನ ಹತ್ತಿರವಿತ್ತು, ತೆಗೆದುಕೊಳ್ಳಲು ನಮ್ಮ ಮನೆಗೆ ಬಂದ.

"ಅಮ್ಮ ಇನ್ನು ಒಬ್ಬರೇ ಇರೋ ಹಾಗಿಲ್ಲ ಅಂತ ಡಾಕ್ಟರ್ ಹೇಳ್ತಿದಾರೆ," ಎಂದ. "ನಮ್ಮ ಮನೆಗೆ ಬಂದುಬಿಡಮ್ಮ ಅಂತ ಕೇಳಿದೆ. ಬೇಡ ಅಂದ್ರು. ಅವರಿಗೆ ಸ್ವಂತವಾಗಿ ಇರಬೇಕು ಅಂತ ಆಸೆ. ಅದಕ್ಕೆ ಇಲ್ಲೇ ಹತ್ತಿರ, ವಯಸ್ಸಾದವರ ಹೋಮ್‌ನಲ್ಲಿ ಒಂದು ರೂಮ್ ನೋಡಿದೀನಿ. ಸೋಮವಾರ ಸೈನ್ ಮಾಡ್ತೀನಿ."

ನನಗೆ ತಕ್ಷಣ ಗೊತ್ತಾಯಿತು. ಅಜ್ಜಿಯ ಬೇಡ ಎಂಥದು ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಬಾಯಿ ತೆರೆದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಆ ಹೋಮ್ ನಮ್ಮ ಮನೆಯಿಂದ ಎರಡು ಮೈಲಿ. ಹೈವೇ ಹತ್ತಬೇಕಾಗಿಲ್ಲ. ದಿನಾ ನಾಲ್ಕು ಗಂಟೆಗೆ ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ಹೋಗಬಹುದು ಎಂದು ಆ ಕ್ಷಣದಲ್ಲೇ ಲೆಕ್ಕ ಹಾಕಿದ್ದೆ. ಮಿಶಿಗನ್ನಿಗೆ ಹೋದರೆ ಮುಗಿಯಿತು. ನಾನು ಹೈವೇಯಲ್ಲಿ ಡ್ರೈವ್ ಮಾಡುವವಳಲ್ಲ. ಅವನಿಗೆ ಕಾಫಿ ಬೇಕೇ ಎಂದು ಕೇಳಿದೆ, ಬೇಡ ಎಂದ. ಮತ್ತೆ ಕೇಳಿದೆ, ಮತ್ತೆ ಬೇಡ ಎಂದ. ಮೂರನೇ ಸಲಕ್ಕೂ ಬೇಡ ಎಂದು ಗಾಬರಿಯಿಂದ ಬೀಗದ ಕೈ ತೆಗೆದುಕೊಂಡು ಹೋದ. ನಿಜಕ್ಕೂ ಅವನಿಗೆ ಕಾಫಿ ಬೇಕಿರಲಿಲ್ಲ.

ಮರುದಿನ ರಿಹ್ಯಾಬಿಗೆ ಹೋದೆ. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು, ಮೊಣಕಾಲಿನ ಮೇಲೆ ಕಂಬಳಿ. ಅವರು ಅಷ್ಟು ಸಣ್ಣಗಾಗಿರುವುದನ್ನು ನಾನು ನೋಡಿರಲಿಲ್ಲ.

"ಮಗ ಕೇಳಿದ, ಗೊತ್ತಾ," ಎಂದರು. "ನಮ್ಮ ಮನೆಗೆ ಬಾ ಅಂತ. ಕೋಟು ಹಾಕಿಕೊಂಡು, ಬಾಗಿಲ ಹತ್ರ ನಿಂತುಕೊಂಡು ಕೇಳಿದ."

"ನೀವೇನಂದ್ರಿ?"

"ಬೇಡ ಅಂದೆ. ಇನ್ನೇನು ಅಂತಾರೆ?"

ಆಮೇಲೆ ಕಿಟಕಿಯ ಕಡೆ ತಿರುಗಿದರು. "ಹೊರಟೇ ಹೋದ," ಎಂದರು. ನಾನು ತಂದ ಟೀಯನ್ನು ಮೊದಲ ಸಲಕ್ಕೇ ತೆಗೆದುಕೊಂಡರು. ಬೇಡ ಎನ್ನುವ ಧೈರ್ಯವೂ ಅವರಿಗೆ ಹೋಗಿತ್ತು.

ಕಾರ್ ಪಾರ್ಕಿನಲ್ಲಿ ಮಗ ಎದುರು ಸಿಕ್ಕ. ಹಿಮದ ರಾಶಿಯ ಪಕ್ಕದಲ್ಲಿ ಅವನನ್ನು ನಿಲ್ಲಿಸಿದೆ. ಹೇಳಿದರೆ ನಾಲ್ಕು ಗಂಟೆಯ ಟೀ ಹೋಗುತ್ತದೆ ಎಂದು ಗೊತ್ತಿತ್ತು. ಕೊನೆಗೆ ಹೇಳಿದೆ.

"ಅಮ್ಮನ್ನ ಇನ್ನೂ ಎರಡು ಸಲ ಕೇಳಿ."

"ಅವರು ಬೇಡ ಅಂದ್ರಲ್ಲ."

"ಮೊದಲನೇ ಬೇಡ ಲೆಕ್ಕಕ್ಕಿಲ್ಲ."

"ಬಲವಂತ ಮಾಡಿದ ಹಾಗಾಗಲ್ವಾ? ಅದು ಅವರ ನಿರ್ಧಾರ. ಅದನ್ನ ಗೌರವಿಸಬೇಕು."

"ಬಲವಂತ ಮಾಡೋದೇ ಗೌರವ," ಎಂದೆ. ಇಂಗ್ಲಿಷಿನಲ್ಲಿ ಅದು ಎಷ್ಟು ಒರಟಾಗಿ ಕೇಳಿಸಿತೋ ದೇವರಿಗೇ ಗೊತ್ತು. "ಕೋಟು ಬಿಚ್ಚಿ ಕೂತ್ಕೊಂಡು ಕೇಳಿ. ಎರಡನೇ ಸಲ ಬೇಡ ಅಂದ್ರೆ ಏಳಬೇಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ. ಆಗ ಹೇಳೋದು ನಿಜ. ಆಗಲೂ ಬೇಡ ಅಂದ್ರೆ ಸೋಮವಾರ ಸೈನ್ ಮಾಡಿ. ಮತ್ತೆ, ನಾನು ಹೇಳಿದೆ ಅಂತ ಹೇಳಬೇಡಿ."

ಅವನು ತಲೆಯಾಡಿಸಿ ಒಳಗೆ ಹೋದ. ನಾನು ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತೆ. ಮೂರನೇ ಸಲವೂ ಅವರು ಬೇಡ ಎನ್ನಲಿ ಎಂದು ನನ್ನ ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಬಹಳ ಹೊತ್ತಾದ ಮೇಲೆ ಅವನು ಹೊರಗೆ ಬಂದ. ಕೋಟು ತೋಳಿನ ಮೇಲಿತ್ತು, ಆ ಚಳಿಯಲ್ಲೂ ಹಾಕಿಕೊಂಡಿರಲಿಲ್ಲ. ಕಣ್ಣು ಕೆಂಪಾಗಿತ್ತು. ನಾನು ಕಿಟಕಿ ಇಳಿಸಿದೆ.

"ನಿನಗೆ ತೊಂದರೆ ಇಲ್ಲ ಅಂದ್ರೆ ಬರ್ತೀನಿ ಅಂದ್ರು," ಎಂದ. "ಅಷ್ಟೇ ಬೇಕಾಗಿತ್ತಾ? ಇಷ್ಟು ವರ್ಷ ಅಷ್ಟೇ ಬೇಕಾಗಿತ್ತಾ?"

ಚಳಿ ಇದೆ, ಕೋಟು ಹಾಕಿಕೊಳ್ಳಿ ಎಂದೆ.

ಮಾರ್ಚಿನಲ್ಲಿ ಅಜ್ಜಿ ಹೊರಟರು. ಊರಿನಲ್ಲಿ ಹಸಿರು ಟೋಪಿಗಳ ಮೆರವಣಿಗೆಗೆ ರಸ್ತೆ ಬಂದ್ ಮಾಡಿದ್ದರು, ಮಗ ಸುತ್ತು ಹಾಕಿ ಬರಬೇಕಾಯಿತು. ಅಜ್ಜಿ ಆ ಗದ್ದಲದ ಕಡೆ ನೋಡಿ, "ಸದ್ಯ, ಇನ್ನು ಇದನ್ನ ನೋಡೋ ಹಾಗಿಲ್ಲ," ಎಂದರು. ಕಾರಿನಲ್ಲಿ ಕೂರಿಸುವಾಗ ನನ್ನ ಕೈ ಬಿಡಲಿಲ್ಲ. ಬೇಸಿಗೆಯಲ್ಲಿ ಬಾ ಎಂದರು. ಅಷ್ಟು ದೂರ, ಯಾಕೆ ತೊಂದರೆ ಎಂದೆ. ಬರಲೇಬೇಕು ಎಂದರು. ನೋಡೋಣ ಎಂದೆ. ಮಗನಿಗೆ ಏನು ಗೊತ್ತು ಪಾಪ, ಸೀಟ್‌ಬೆಲ್ಟ್ ಹಾಕಿ ಬಾಗಿಲು ಮುಚ್ಚಿದ. ಗಾಜಿನ ಹಿಂದೆ ಅವರು ಇನ್ನೂ ಏನೋ ಹೇಳುತ್ತಿದ್ದರು.

ಆ ಮನೆ ಬೇಗ ಮಾರಾಟವಾಯಿತು. ಬಂದವರು ನಮ್ಮವರೇ, ಮೈಸೂರಿನ ಕಡೆಯ ಚಿಕ್ಕ ವಯಸ್ಸಿನ ಗಂಡ ಹೆಂಡತಿ. ಸಾಮಾನು ಇಳಿಸುವ ದಿನ ಬಿಸಿ ಅನ್ನ, ಸಾರು ತೆಗೆದುಕೊಂಡು ಹೋದೆ. ಹುಡುಗಿಗೆ ಬಹಳ ಖುಷಿ.

"ಕೂತ್ಕೊಳ್ಳಿ ಆಂಟಿ. ಕಾಫಿ ಕುಡೀತೀರಾ?" ಎಂದಳು.

"ಬೇಡಮ್ಮ, ನಿನಗೆ ಕೆಲಸ ಇದೆ."

"ಸರಿ ಆಂಟಿ, ಇನ್ನೊಂದ್ಸಲ ಬನ್ನಿ," ಎಂದು ನಗುತ್ತ ಬಾಗಿಲವರೆಗೆ ಬಂದಳು. ಒಳ್ಳೆಯ ಹುಡುಗಿ. ಹಿಂದೆ ಅಜ್ಜಿಯ ಕಾಲು ನಮ್ಮ ಹೊಸ್ತಿಲ ಹತ್ತಿರ ನಿಂತಿದ್ದ ಹಾಗೆ ನನ್ನ ಕಾಲೂ ನಿಂತಿತ್ತು. ಮನೆಗೆ ಬಂದು ಒಬ್ಬಳೇ ಮಾಡಿಕೊಂಡು ಕುಡಿದೆ. ಊರು ಈಗಲೂ ಬೆಳೆಯುತ್ತಲೇ ಇದೆ, ಸ್ಮಶಾನದ ಹಿಂದಿನ ಕೊನೆಯ ಹೊಲಕ್ಕೂ ಮಾರಾಟದ ಬೋರ್ಡು ಬಿದ್ದಿದೆ. ಇಷ್ಟು ಜನರ ನಡುವೆ ನನಗೆ ನಾಲ್ಕು ಗಂಟೆ ಎನ್ನುವುದು ಕಳೆಯಲಾರದ ಹೊತ್ತಾಗಿದೆ.

ಅಜ್ಜಿ ಭಾನುವಾರಗಳಲ್ಲಿ ಫೋನ್ ಮಾಡುತ್ತಾರೆ. ಹೋದ ವಾರ ದನಿ ಗೆಲುವಾಗಿತ್ತು. ಸೊಸೆ ಅವರ ರೂಮಿಗೆ ಹೊಸ ಪರದೆ ಹಾಕಿದ್ದಾಳಂತೆ, ಮೊಮ್ಮಗಳು ಬ್ರೆಡ್ಡು ಮಾಡುವುದನ್ನು ಕಲಿಯುತ್ತಿದ್ದಾಳಂತೆ.

"ಒಂದು ಹೇಳ್ಲಾ?" ಎಂದರು. "ನನ್ನ ಮಗ ಮೂರು ಸಲ ಕೇಳಿದ. ಆ ದಿನ ಮತ್ತೆ ಬಂದು, ಕೋಟು ಬಿಚ್ಚಿಟ್ಟು, ಕೂತ್ಕೊಂಡು ಕೇಳಿದ. ಈ ದೇಶದಲ್ಲಿ ಹುಟ್ಟಿ ಬೆಳೆದವನು. ಯಾರೂ ಹೇಳಿಕೊಟ್ಟಿದ್ದಲ್ಲ. ರಕ್ತದಲ್ಲಿ ಇರತ್ತೆ ಕಣೇ ಅದು, ಎಲ್ಲಿಗೂ ಹೋಗಲ್ಲ."

"ಹೂಂ, ರಕ್ತದಲ್ಲೇ ಇರತ್ತೆ," ಎಂದೆ.

ಆಚೆ ಕಡೆ ಕಪ್ಪು ಕೆಳಗಿಟ್ಟ ಸದ್ದು ಕೇಳಿಸಿತು. ಇಷ್ಟು ವರ್ಷ ಎತ್ತದಿದ್ದ ಮಾತನ್ನು ಅವರು ಎತ್ತಿದರು.

"ನಿನ್ನ ಮಗಳು? ಮನೆಗೆ ಬಾ ಅಂತ ನಿನ್ನ ಕೇಳ್ತಾಳಾ?"

"ಕೇಳದೆ ಏನು, ಕೇಳ್ತಾಳೆ," ಎಂದೆ.

"ಕೇಳ್ತಾಳಾ?"

"ಕೇಳ್ತಾಳಪ್ಪ. ನನಗೇನು ಕಡಿಮೆ."

ಅವರು ಕಪ್ಪಿಗೆ ಮತ್ತೆ ಟೀ ಬಗ್ಗಿಸಿಕೊಳ್ಳುವುದು ಕೇಳಿಸಿತು. ಫೋನ್ ಇಟ್ಟುಬಿಡಲಿ ಎಂದುಕೊಂಡೆ. ಅವರು ಇಡುವವರಲ್ಲ ಎಂದು ನನಗೆ ಗೊತ್ತಿತ್ತು.

"ಕೇಳ್ತಾಳೇನೇ?" ಎಂದರು, ಮೆಲ್ಲಗೆ.

ಅದು ಮೂರನೇ ಸಲ.

"ಇಲ್ಲ," ಎಂದೆ.